ಡ್ರಾಯಿಂಗ್ ಮಾಸ್ತರ ಖುರ್ಚಿ ಖಾಲಿಯೇ ಇರಲಿ ಎನ್ನುವವರಿಗೆ

ಮುರ್ಡೇಶ್ವರಕ್ಕೆ ಬಂದವರೆಲ್ಲ ಮೊದಲು ಕತ್ತೆತ್ತಿ ನೋಡುವುದು 123 ಅಡಿ ಎತ್ತರದ ಶಿವನನ್ನು. ಅದರ ಹಿಂದೆ ಆರ್.ಎನ್. ಶೆಟ್ಟರಿದ್ದರು ಎಂಬುದು ಊರಿನ ಮಕ್ಕಳಿಗೂ ಗೊತ್ತು. ಅದನ್ನು ರೂಪಿಸಿದವರು ಶಿವಮೊಗ್ಗದ ಶಿಲ್ಪಿ ಕಾಶೀನಾಥ್ ಮತ್ತು ಅವರ ತಂಡ ಎಂಬುದನ್ನು ಕೇಳಿದರೆ ಹತ್ತರಲ್ಲಿ ಒಬ್ಬರು ಹೇಳಿಯಾರು. ಲಾಡ್ಜು, ಹೋಟೆಲು, ಆಟೋ, ಬೋಟು, ಕಡಲೆಕಾಯಿ ಮಾರುವವರ ಗಾಡಿ, ಇಷ್ಟಕ್ಕೂ ಗಿರಾಕಿ ತರುವುದರಲ್ಲಿ ಆ ಕೈಕೆಲಸದ ಪಾಲು ಸಣ್ಣದಲ್ಲ. ಅದೇ ಊರಿನಲ್ಲಿ ಹೈಸ್ಕೂಲಿಗೊಬ್ಬ ಚಿತ್ರಕಲಾ ಶಿಕ್ಷಕರು ಬೇಕು ಅಂದರೆ ಬರುವ ಮೊದಲ ಮಾತು: ‘ಡ್ರಾಯಿಂಗಿನಿಂದ ಹೊಟ್ಟೆ ತುಂಬುತ್ತದೆಯೇ?’ ಇಡೀ ಊರಿನ ಹೊಟ್ಟೆ ಯಾವುದರಿಂದ ತುಂಬುತ್ತಿದೆ ಎಂದು ಕಿಟಕಿ ತೆಗೆದು ನೋಡಿದರೆ ಸಾಕು.

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಶಾಲೆಯ ಕಥೆ ಗೊತ್ತಿರುವವರಿಗೆ ಇದು ಹೊಸದಲ್ಲ. ಡ್ರಾಯಿಂಗ್ ಮಾಸ್ತರು ನಿವೃತ್ತರಾದರೆ ಖುರ್ಚಿ ಖಾಲಿ ಬೀಳುತ್ತದೆ. ವೇಳಾಪಟ್ಟಿಯಲ್ಲಿ ‘ಚಿತ್ರಕಲೆ’ ಎಂಬ ನಾಲ್ಕಕ್ಷರದ ಪಿರಿಯಡ್ ಉಳಿಯುತ್ತದೆ, ಅದರೊಳಗೆ ಗಣಿತವೋ ಇಂಗ್ಲಿಷೋ ನಡೆಯುತ್ತದೆ. ಮಾಸ್ತರು ಇದ್ದ ಕಡೆಯೂ ಸ್ಥಿತಿ ಬಹಳ ಬೇರೆಯಲ್ಲ. ಸ್ವಾತಂತ್ರ್ಯ ದಿನಕ್ಕೆ ಬೋರ್ಡು ಬರೆಯಲು, ಗ್ಯಾದರಿಂಗಿಗೆ ಸ್ಟೇಜು ಸಿಂಗರಿಸಲು, ಯಾರೋ ರಜೆ ಹಾಕಿದರೆ ಆ ತರಗತಿಯಲ್ಲಿ ಕೂರಲು ಅವರೇ ಆಗಬೇಕು. ಪಾಠ ಮಾಡಲು ಮಾತ್ರ ಪುರಸೊತ್ತು ಸಿಗುವುದಿಲ್ಲ.

ಕಾನೂನು ಏನನ್ನುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಸ್ಪಷ್ಟವಾಗಿದೆ: ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆಗೆ, ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕು. ನಮ್ಮಲ್ಲಿ ಎಂಟನೇ ತರಗತಿ ಹಲವು ಕಡೆ ಹೈಸ್ಕೂಲಿನಲ್ಲೇ ಇದೆ. 2022ರಲ್ಲಿ ರಾಜ್ಯ ಸರ್ಕಾರ ಇದೇ ಆರರಿಂದ ಎಂಟನೇ ತರಗತಿಗಳಿಗೆ 15,000 ಪದವೀಧರ ಶಿಕ್ಷಕರ ನೇಮಕಕ್ಕೆ ಹೊರಟಿತು. ಇಂಗ್ಲಿಷ್, ಗಣಿತ-ವಿಜ್ಞಾನ, ಸಮಾಜ, ಜೀವವಿಜ್ಞಾನ ಎಲ್ಲ ಪಟ್ಟಿಯಲ್ಲಿದ್ದವು. ಕಲೆ ಇರಲಿಲ್ಲ. ಅದು ಅರೆಕಾಲಿಕ ಹುದ್ದೆ, ಬೇರೆ ಲೆಕ್ಕ ಎಂದು ಅಧಿಕಾರಿಗಳು ಹೇಳಬಹುದು. ಆ ಬೇರೆ ಲೆಕ್ಕದ ಕಡತ ಎಲ್ಲಿದೆ?

ಎಸ್‌ಎಸ್‌ಎಲ್‌ಸಿ ಫಲಿತಾಂಶವನ್ನು ಮುಂದೊಡ್ಡುವವರೇ ಈ ಜಗಳದಲ್ಲಿ ಹೆಚ್ಚು. ಕಾರವಾರ ಶೈಕ್ಷಣಿಕ ಜಿಲ್ಲೆಯ ಸ್ಥಾನ ಕುಸಿಯಬಾರದು, ಹಾಗಾಗಿ ನವೆಂಬರ್ ದಾಟಿದ ಮೇಲೆ ಚಿತ್ರಕಲೆಯ ಮಾತೇ ಬೇಡ ಎನ್ನುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ, ತರ್ಕ ಅರ್ಥವಾಗುವುದಿಲ್ಲ. ಅದೇ ಎಸ್‌ಎಸ್‌ಎಲ್‌ಸಿಯ ವಿಜ್ಞಾನ ಪ್ರಶ್ನೆಪತ್ರಿಕೆ ಚಿತ್ರ ಬರೆದು ಭಾಗಗಳನ್ನು ಗುರುತಿಸು ಎನ್ನುತ್ತದೆ. ಕಣ್ಣು, ಹೃದಯ, ಹೂವಿನ ನೀಳಛೇದ. ಚಿತ್ರ ಬರೆಯಲು ಕಲಿಸದೆ ಚಿತ್ರಕ್ಕೆ ಅಂಕ ಕೇಳುತ್ತಿದ್ದೇವೆ. ಮಕ್ಕಳು ಆ ನಾಲ್ಕಾರು ಚಿತ್ರಗಳನ್ನು ಮಗ್ಗಿಯಂತೆ ಬಾಯಿಪಾಠ, ಅಲ್ಲ, ಕೈಪಾಠ ಮಾಡಿಕೊಂಡು ಬಂದು ಇಳಿಸುತ್ತಾರೆ. ನಿಜವಾದ ದಾಸವಾಳ ಕೈಗೆ ಕೊಟ್ಟು ಬರೆ ಅಂದರೆ ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ.

ಮೀನುಗಾರರ ಕೇರಿಯ ಹುಡುಗನಿಗೆ ದೋಣಿ ಬರೆಯಲು ಹೇಳಿ ನೋಡಿ. ಮನೆಯೆದುರು ಮರಳಿನ ಮೇಲೆ ಪಾತಿ ದೋಣಿ ಇದೆ. ಅದರ ಪಕ್ಕಕ್ಕೆ ಕಟ್ಟಿದ ಮರದ ತುಂಡು ಏಕೆ ಬೇಕು, ಅಲೆ ಬಂದಾಗ ಅದು ಹೇಗೆ ದೋಣಿಯನ್ನು ಹಿಡಿದು ನಿಲ್ಲಿಸುತ್ತದೆ ಎಂಬುದೆಲ್ಲ ಅವನಿಗೆ ಗೊತ್ತು. ಕಾಗದದ ಮೇಲೆ ಬರುವುದು ಮಾತ್ರ ತ್ರಿಕೋನದ ಹಾಯಿ ಹೊತ್ತ ಪುಸ್ತಕದ ದೋಣಿ. ಹಿಂದೆ ಎರಡು ಗುಡ್ಡ, ನಡುವೆ ಸೂರ್ಯ, ಬದಿಗೊಂದು ಗುಡಿಸಲು. ಕಂಡದ್ದನ್ನು ಬಿಟ್ಟು ಕಾಣದ್ದನ್ನು ಬರೆಯುವ ಈ ಅಭ್ಯಾಸ ತಾನಾಗಿ ಹೋಗುವುದಿಲ್ಲ. ಪಕ್ಕದಲ್ಲಿ ಕೂತು ‘ಮತ್ತೊಮ್ಮೆ ನೋಡಿ ಬರಿ’ ಎನ್ನುವವರೊಬ್ಬರು ಬೇಕು.

ನಮ್ಮ ಇಲಾಖೆಗೆ ಕಲೆಯ ಮೇಲೆ ಪ್ರೀತಿಯಿಲ್ಲ ಎನ್ನುವಂತಿಲ್ಲ, ಪ್ರದರ್ಶನದ ಪ್ರೀತಿ ಬೇಕಾದಷ್ಟಿದೆ. ಪ್ರತಿಭಾ ಕಾರಂಜಿಯಲ್ಲಿ ಚಿತ್ರಕಲೆ, ರಂಗೋಲಿ, ಮಣ್ಣಿನ ಮಾದರಿ ಎಲ್ಲಕ್ಕೂ ಸ್ಪರ್ಧೆಯುಂಟು. ಕಲಿಸದ ವಿಷಯದಲ್ಲಿ ಪಂದ್ಯ ಇಟ್ಟರೆ ಗೆಲ್ಲುವವರು ಯಾರು? ಪೇಟೆಯಲ್ಲಿ ದುಡ್ಡು ಕೊಟ್ಟು ಕ್ಲಾಸಿಗೆ ಹೋಗುವ ಮಕ್ಕಳು. ಈಚೆಗೆ ಶಾಲೆಯ ಗೋಡೆಗೆ ರೈಲು ಡಬ್ಬಿಯ ಬಣ್ಣ ಬಳಿಸುವ ಹುಚ್ಚು ಬೇರೆ. ದಾನಿಗಳ ದುಡ್ಡು, ಗುತ್ತಿಗೆಯ ಪೇಂಟರು, ಫೋಟೋಕ್ಕೆ ನಿಂತ ಮಕ್ಕಳು. ಆ ಬಣ್ಣದ ಡಬ್ಬಿಗೆ ಒಂದು ಮಗುವಾದರೂ ಕೈ ಅದ್ದಿತೇ?

ಕಲೆ ಕಲಿಸದೆ ಬಿಟ್ಟದ್ದರ ಬೆಲೆ ಏನೆಂದು ತಿಳಿಯಬೇಕಿದ್ದರೆ ಕಾವಿ ಕಲೆಯನ್ನು ನೋಡಬೇಕು. ಗೋವೆಯಿಂದ ನಮ್ಮ ಕರಾವಳಿಯವರೆಗೆ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿದ್ದ ಕಲೆ ಇದು. ಬಿಳಿ ಸುಣ್ಣದ ಗಾರೆ, ಅದರ ಮೇಲೆ ಹುರ್ಮುಂಜಿಯ ಕೆಂಪು ಲೇಪ. ಅದು ಹಸಿಯಿರುವಾಗಲೇ ಕಂಟದಿಂದ ಕೆರೆದರೆ ಕೆಳಗಿನ ಬಿಳಿ ಗೆರೆಯಾಗಿ ಮೇಲೆ ಬರುತ್ತದೆ. ಎರಡೇ ಬಣ್ಣ. ಗೆರೆ ತಪ್ಪಿದರೆ ಅಳಿಸಲು ಬಾರದು, ಗಾರೆ ಒಣಗಿದರೆ ಮುಂದುವರಿಸಲು ಬಾರದು. ಮಳೆಗಾಲದ ನಮ್ಮ ಸೀಮೆಯಲ್ಲಿ ಅದು ತಲೆಮಾರುಗಟ್ಟಲೆ ಉಳಿದಿತ್ತು. ಹೊನ್ನಾವರದಲ್ಲೇ ಹುಟ್ಟಿದ ಕೃಷ್ಣಾನಂದ ಕಾಮತರು ಊರೂರು ಅಲೆದು ಇದನ್ನು ಫೋಟೋ ತೆಗೆದು, ಬರೆದು ದಾಖಲಿಸಿದರು. ಅವರು 2002ರಲ್ಲಿ ತೀರಿಕೊಂಡರು. ಅವರು ಕಂಡ ಗೋಡೆಗಳಲ್ಲಿ ಹಲವು ಜೀರ್ಣೋದ್ಧಾರದ ಹೆಸರಿನಲ್ಲಿ ಹೋದವು. ಅಲ್ಲಿಗೆ ಗ್ರಾನೈಟು ಬಂತು, ಬಚ್ಚಲುಮನೆಯ ಟೈಲ್ಸೂ ಬಂತು. ಆಡಳಿತ ಮಂಡಳಿಯವರೇನು ಕೆಟ್ಟವರಲ್ಲ. ಭಕ್ತಿಯಿಂದಲೇ ಕೆಡವಿದರು. ಇದೇ ಶಾಲೆಗಳಲ್ಲಿ ಹತ್ತು ವರ್ಷ ಕೂತು ಎದ್ದು ಬಂದವರು ಅವರು. ಗೋಡೆಯ ಮೇಲಿನದ್ದು ಬೆಲೆಯುಳ್ಳದ್ದು ಎಂದು ಅವರಿಗೆ ಯಾರೂ ತೋರಿಸಿರಲಿಲ್ಲ.

ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದ ಕಲ್ಲಿನ ಸಾಲುಗಳು, ಗುಡಿಗಾರರ ಗಂಧದ ಕೆತ್ತನೆ, ಚೌತಿಗೆ ಮಣ್ಣಿನ ಗಣಪತಿ ಮಾಡುವ ಮನೆಗಳು, ಬಡಗುತಿಟ್ಟಿನ ಯಕ್ಷಗಾನದ ಕೇದಗೆ ಮುಂದಲೆ ಕಟ್ಟುವ ಕೈಗಳು, ಎಲ್ಲವೂ ಶಾಲೆಯಿಂದ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಹೋಗಿಬರುವ ದೂರದಲ್ಲಿವೆ. ಇಷ್ಟು ದೊಡ್ಡ ಪ್ರಯೋಗಶಾಲೆ ಬೆಂಗಳೂರಿನ ಯಾವ ಇಂಟರ್‌ನ್ಯಾಷನಲ್ ಸ್ಕೂಲಿಗೂ ಇಲ್ಲ.

ಹೊಟ್ಟೆಪಾಡಿನ ಪ್ರಶ್ನೆಗೆ ನೇರ ಉತ್ತರವೂ ಇದೆ. ಆರ್ಕಿಟೆಕ್ಚರ್ ಓದಬೇಕಾದರೆ ಬರೆಯುವ ನಾಟಾ ಪರೀಕ್ಷೆಯ 200 ಅಂಕಗಳಲ್ಲಿ 80 ಡ್ರಾಯಿಂಗಿಗೆ ಮೀಸಲು. ಆ 80ಕ್ಕೆ ನಗರದ ಮಕ್ಕಳು ಕೋಚಿಂಗಿಗೆ ಹೋಗುತ್ತಾರೆ. ಮುರ್ಡೇಶ್ವರದ ಹುಡುಗಿ ಎಲ್ಲಿಗೆ ಹೋಗಬೇಕು?

ಹಾಗಾದರೆ ಎಸ್‌ಎಸ್‌ಎಲ್‌ಸಿಯಲ್ಲೂ ಚಿತ್ರಕಲೆಗೆ ಅಂಕ ಕೊಡಬೇಕೇ? ಇಲ್ಲಿ ಚಿತ್ರಕಲಾವಿದರಲ್ಲೇ ಎರಡು ಪಕ್ಷವಿದೆ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಲ್ಲಿನ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳು ಮಹಾರಾಷ್ಟ್ರದಲ್ಲಿ ಇಂದಿಗೂ ನಡೆಯುತ್ತವೆ, ಗ್ರೇಡ್ ಪಡೆದವರಿಗೆ ಹತ್ತನೇ ತರಗತಿಯಲ್ಲಿ ಹೆಚ್ಚುವರಿ ಅಂಕ ಸೇರುತ್ತದೆ. ನಮ್ಮ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಪಾಸಾದವರಿಗೆ ಸಿಗುವುದು ಒಂದು ಪ್ರಮಾಣಪತ್ರ. ಅಂಕ ಬಂದರೆ ಗೈಡು ಬರುತ್ತದೆ, ಟ್ಯೂಷನ್ ಬರುತ್ತದೆ, ನಕಲು ಚಿತ್ರಗಳ ಸುಗ್ಗಿ ಬರುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೂ ನಾನು ಅಂಕದ ಪಕ್ಷ. ಅಂಕವಿಲ್ಲದ ವಿಷಯಕ್ಕೆ ನಮ್ಮ ಶಾಲೆಗಳಲ್ಲಿ ಜಾಗವಿಲ್ಲ ಎಂಬುದನ್ನು ಇಷ್ಟು ವರ್ಷ ನೋಡಿಯಾಗಿದೆ. ಕೆಟ್ಟದಾಗಿಯಾದರೂ ನಡೆಯುವ ತರಗತಿಯನ್ನು ತಿದ್ದಬಹುದು, ನಡೆಯದ ತರಗತಿಯನ್ನು ತಿದ್ದಲು ಬರುವುದಿಲ್ಲ.

ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಾಗ ಎರಡು ಭಾಷೆಯೋ ಮೂರೋ ಎಂದು ಹೊಡೆದಾಡಿಕೊಂಡೆವು. ಎರಡೇ ತಿಂಗಳಲ್ಲಿ ಪಾಸಿನ ಅಂಕ 35ರಿಂದ 33ಕ್ಕೆ ಇಳಿದಾಗ ಮತ್ತೊಂದು ಸುತ್ತು. ಖಾಲಿ ಬಿದ್ದ ಕಲಾ ಶಿಕ್ಷಕರ ಹುದ್ದೆಗಾಗಿ ಹಾಗೆ ಯಾರೂ ಬೀದಿಗಿಳಿಯಲಿಲ್ಲ. 2023ರಲ್ಲಿ ಶಾಲಾ ಶಿಕ್ಷಣ ಖಾತೆ ವಹಿಸಿಕೊಂಡ ಮಧು ಬಂಗಾರಪ್ಪನವರ ಊರು ಸೊರಬ. ಹಸೆ ಚಿತ್ತಾರದ ಸೀಮೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾದಾಗ ಎಸ್‌ಡಿಎಂಸಿ ಸಭೆಗೆ ಹೋಗುವ ತಂದೆತಾಯಂದಿರು ಎರಡು ಮಾತು ಕೇಳಿ. ಈ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಮಂಜೂರಾಗಿದೆಯೇ, ಆಗಿದ್ದರೆ ಯಾವ ವರ್ಷದಿಂದ ಖಾಲಿ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯನ್ನು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.