ಮರಕ್ಕೆ ಮುದ್ರೆ, ಪ್ಲಾಸ್ಟಿಕ್‌ಗೆ ಲೆಕ್ಕ, ಹೊರುವ ಕೈಗೆ?

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಗೋದಾಮೊಂದರ ಮುಂದೆ ನಿಂತಿದ್ದೆ. ಲಾರಿಯಿಂದ ಗಾಜಿನ ನಾರಿನ ಉಂಡೆಗಳನ್ನು ಇಳಿಸುವ ಕೆಲಸ ನಡೆದಿತ್ತು. ಅಲ್ಲಿ ಫೋರ್ಕ್‌ಲಿಫ್ಟ್ ಇರಲಿಲ್ಲ. ಹಮಾಲರು ಲಾರಿಯೊಳಗೇ ಪ್ಯಾಲೆಟ್‌ನ ಪಟ್ಟಿ ಕತ್ತರಿಸಿ, ಪ್ಲಾಸ್ಟಿಕ್ ಹೊದಿಕೆ ಹರಿದು, ಉಂಡೆಗಳನ್ನು ಒಂದೊಂದಾಗಿ ಹೆಗಲಿಗೇರಿಸುತ್ತಿದ್ದರು. ಒಳಗೆ ಸಿಕ್ಕಿಕೊಂಡವನ್ನು ಅಕ್ಕಿ ಮೂಟೆ ಎಳೆಯುವ ಕೊಕ್ಕೆಯಿಂದಲೇ ಎಳೆಯುತ್ತಿದ್ದರು. ಹಿರಿಯರೊಬ್ಬರು ಮೊಣಕೈವರೆಗೆ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದರು. ಏಕೆಂದು ಕೇಳಿದೆ. ‘ಈ ಮಾಲು ಬಂದ ದಿನ ರಾತ್ರಿ ನಿದ್ದೆ ಇಲ್ಲ ಸಾರ್, ಮೈಯೆಲ್ಲ ನವೆ’ ಎಂದರು.

ಹೆಸರು ಅಪರಿಚಿತವೆನಿಸಿದರೂ ಗಾಜಿನ ನಾರು ನಮ್ಮ ನಿತ್ಯದ ಬದುಕಿಗೆ ಹತ್ತಿರದ ವಸ್ತು. ಬಸ್ಸಿನ ಮುಂಭಾಗ, ರಾಸಾಯನಿಕ ಕಾರ್ಖಾನೆಯ ಕೊಳವೆ, ಕರಾವಳಿಯ ಮೀನುಗಾರಿಕೆ ದೋಣಿ, ಚಿತ್ರದುರ್ಗ ಮತ್ತು ಗದಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆ, ಇವೆಲ್ಲವೂ ಈ ನಾರಿಗೆ ರಾಳ ಸೇರಿಸಿ ತಯಾರಾದವು. ಕರಗಿದ ಗಾಜನ್ನು ಕೂದಲಿಗಿಂತ ತೆಳ್ಳಗೆ ಎಳೆದು, ರಾಳದೊಂದಿಗೆ ಬೆಸೆಯಲು ನೆರವಾಗುವ ಲೇಪನ ಕೊಟ್ಟು, ಉಂಡೆಗಳಾಗಿ ಸುತ್ತುತ್ತಾರೆ. ಒಂದು ಉಂಡೆ ಸಾಮಾನ್ಯವಾಗಿ 15ರಿಂದ 20 ಕಿಲೊ. ತುಂಬಿದ ಪ್ಯಾಲೆಟ್ ಸುಮಾರು ಒಂದು ಟನ್.

ಉಕ್ಕಿಗೆ ಸವಾಲೊಡ್ಡುವ ಈ ನಾರು ಪ್ರಯಾಣದಲ್ಲಿ ಮಾತ್ರ ಬಹಳ ಸೂಕ್ಷ್ಮ. ತೇವ ತಗುಲಿದರೆ ರಾಳದೊಂದಿಗಿನ ಬೆಸುಗೆ ದುರ್ಬಲವಾಗುತ್ತದೆ. ಅಂಚು ಜಜ್ಜಿದರೆ ಎಳೆ ತುಂಡಾಗುತ್ತದೆ. ಆದ್ದರಿಂದಲೇ ಪ್ರತಿ ಪದರದ ನಡುವೆ ರಟ್ಟು, ಸುತ್ತ ಬಿಗಿಯಾದ ಪ್ಲಾಸ್ಟಿಕ್ ಪದರ, ಕೆಳಗೆ ಮರದ ಪ್ಯಾಲೆಟ್. ಹಗಲು ಕಾದು ರಾತ್ರಿ ತಣಿಯುವ ಕಂಟೇನರ್‌ನ ಉಕ್ಕಿನ ಚಾವಣಿಯಿಂದ ನೀರು ತೊಟ್ಟಿಕ್ಕುವುದುಂಟು. ಅದಕ್ಕಾಗಿ ತೇವ ಹೀರುವ ಚೀಲಗಳನ್ನೂ ಒಳಗೆ ತೂಗುಹಾಕುತ್ತಾರೆ.

ಈ ಕಟ್ಟಿನ ಒಂದೊಂದು ಭಾಗದ ಬಗ್ಗೆಯೂ ಜಗತ್ತು ಎಷ್ಟು ಯೋಚಿಸಿದೆ ನೋಡಿ. ಗಡಿ ದಾಟುವ ಮರದ ಪ್ಯಾಲೆಟ್‌ನಲ್ಲಿ ಕೀಟ ಇರಬಾರದೆಂದು 2002ರಲ್ಲೇ ಅಂತರರಾಷ್ಟ್ರೀಯ ಮಾನದಂಡ ರೂಪುಗೊಂಡಿತು. ಶಾಖದಿಂದ ಸಂಸ್ಕರಿಸುವುದಾದರೆ ಮರದ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸತತ 30 ನಿಮಿಷ ಇರಬೇಕು; ಅದರ ಗುರುತಾಗಿ ಮರದ ಮೇಲೆ ಮುದ್ರೆ ಬೀಳಬೇಕು. ಪ್ಲಾಸ್ಟಿಕ್ ಹೊದಿಕೆಯ ವಿಷಯದಲ್ಲಿ ಕೇಂದ್ರ ಸರ್ಕಾರ 2022ರಲ್ಲಿ ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯ ಮಾರ್ಗಸೂಚಿ ಹೊರಡಿಸಿತು. ಅದರಂತೆ ಬಳಸಿದ ಪ್ಲಾಸ್ಟಿಕ್‌ನ ಲೆಕ್ಕ ಒಪ್ಪಿಸಬೇಕು. ಎರಡೂ ಸ್ವಾಗತಾರ್ಹ ಕ್ರಮಗಳೇ. ಆದರೆ ಆ ಹೊದಿಕೆಯನ್ನು ಹರಿಯುವ, ಆ ಮರದಿಂದ ಉಂಡೆಯನ್ನು ಎತ್ತುವ ಕೈಯ ಲೆಕ್ಕ ಇಡುವವರು ಯಾರು?

ಕಟ್ಟು ರೂಪುಗೊಂಡಿರುವುದು ಯಂತ್ರಕ್ಕಾಗಿ. ಬಂದರಿನಲ್ಲಿ ಕ್ರೇನ್ ಇದೆ. ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ನಿಲ್ದಾಣದಲ್ಲಿಯೂ ಇದೆ. ದೊಡ್ಡ ಕಾರ್ಖಾನೆಯ ಅಂಗಳದಲ್ಲಿ ಫೋರ್ಕ್‌ಲಿಫ್ಟ್ ಇದೆ. ಆದರೆ ನಾಲ್ಕು ಉಂಡೆ, ಆರು ಉಂಡೆ ಕೊಳ್ಳುವ ಸಣ್ಣ ವರ್ಕ್‌ಶಾಪ್‌ಗಳಿಗೆ ಇಡೀ ಪ್ಯಾಲೆಟ್ ಬೇಡ. ಹೀಗಾಗಿ ಸಾವಿರಾರು ಕಿಲೊಮೀಟರ್ ಭದ್ರವಾಗಿ ಬಂದ ಕಟ್ಟು ಕೊನೆಯ ಇಪ್ಪತ್ತು ಕಿಲೊಮೀಟರ್‌ಗೆ ಮೊದಲೇ ಬಿಚ್ಚಿಕೊಳ್ಳುತ್ತದೆ. ಕೊಕ್ಕೆ ತಗುಲಿದಾಗ ಮಾಲೂ ಕೆಡುತ್ತದೆ, ತುಂಡಾದ ಎಳೆ ಚರ್ಮಕ್ಕೂ ಚುಚ್ಚುತ್ತದೆ. ಮಾಲಿನ ನಷ್ಟಕ್ಕೂ ಮನುಷ್ಯನ ನೋವಿಗೂ ಕಾರಣ ಒಂದೇ.

ಇಲ್ಲಿ ಅತಿರೇಕದ ಭಯವನ್ನು ಬಿತ್ತುವ ಉದ್ದೇಶ ನನ್ನದಲ್ಲ. ಗಾಜಿನ ನಾರು ಕಲ್ನಾರು ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಉಂಡೆಯಾಗಿ ಸುತ್ತುವ ಈ ಬಗೆಯ ನಾರನ್ನು ‘ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲಾಗದ’ ಗುಂಪಿಗೆ ಸೇರಿಸಿತು. ಇದರ ಎಳೆ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣದಲ್ಲ. ಆದರೆ ಕ್ಯಾನ್ಸರ್ ಬರುವುದಿಲ್ಲ ಎಂಬುದು ನವೆ, ಗುಳ್ಳೆ, ಕಣ್ಣುರಿಗೆ ಉತ್ತರವಾಗಲಾರದು. ಮಾರಕವಲ್ಲದ ನೋವು ನಮ್ಮಲ್ಲಿ ನೋವೇ ಅಲ್ಲವೆಂದಾಗಿಬಿಟ್ಟಿದೆ.

ಕಾನೂನು ಇಲ್ಲವೇ? ಇದೆ. ಹದಿಮೂರು ಕಾಯ್ದೆಗಳನ್ನು ಒಗ್ಗೂಡಿಸಿದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ 2020ರಲ್ಲಿ ಅಂಗೀಕಾರವಾಗಿ, 2025ರ ನವೆಂಬರ್ 21ರಂದು ಜಾರಿಗೆ ಬಂತು. ಆದರೆ ಸಾಮಾನ್ಯವಾಗಿ ಅದು ಅನ್ವಯವಾಗುವುದು ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ನಾನು ಕಂಡ ಗೋದಾಮಿನಲ್ಲಿ ಇದ್ದವರು ಐವರು. ಅವರು ಯಾರ ನೌಕರರು ಎಂಬುದೇ ಅಲ್ಲಿ ಯಾರಿಗೂ ಸ್ಪಷ್ಟವಿರಲಿಲ್ಲ. 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯಿಂದ ಅವರಲ್ಲಿ ಇಬ್ಬರಿಗೆ ಹನ್ನೆರಡು ಅಂಕಿಗಳ ಸಂಖ್ಯೆ ದೊರೆತಿದೆ. ಕೈಗವಸು ಮಾತ್ರ ಯಾರಿಗೂ ದೊರೆತಿಲ್ಲ.

ಪರಿಹಾರ ದುಬಾರಿಯದೇನಲ್ಲ. ಬಿಡಿಯಾಗಿ ಮಾರಾಟವಾಗುವ ಉಂಡೆಗಳಿಗೆ ತಯಾರಕರೇ ಪ್ರತ್ಯೇಕ ಹೊದಿಕೆ, ಹಿಡಿಯಲು ಪಟ್ಟಿ ಒದಗಿಸಬಹುದು. ಎಚ್ಚರಿಕೆಯ ಚೀಟಿ ಇಂಗ್ಲಿಷ್, ಚೀನಿ ಭಾಷೆಗಳಲ್ಲಷ್ಟೇ ಇದ್ದರೆ ಹಮಾಲರಿಗೆ ಏನು ಪ್ರಯೋಜನ? ಕನ್ನಡದಲ್ಲೋ ಚಿತ್ರದಲ್ಲೋ ತಿಳಿಸಬೇಕು. ಕೈಯಿಂದ ತಳ್ಳುವ ಪ್ಯಾಲೆಟ್ ಗಾಡಿ, ಒಂದು ನೀರಿನ ನಲ್ಲಿ, ಉದ್ದ ತೋಳಿನ ಅಂಗಿ ಮತ್ತು ಕೈಗವಸು ಇಲ್ಲದ ಗೋದಾಮಿಗೆ ಇಂಥ ಮಾಲು ಇಳಿಸಬಾರದೆಂದು ಕಳುಹಿಸುವವರೇ ಷರತ್ತು ವಿಧಿಸಬಹುದು. ಮಹಾರಾಷ್ಟ್ರ 1969ರಲ್ಲೇ ಹಮಾಲರಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿ, ಕೆಲಸ ಮಾಡಿಸಿಕೊಳ್ಳುವವರಿಂದ ಹಣ ಸಂಗ್ರಹಿಸಿ ಕಲ್ಯಾಣ ಮಂಡಳಿಗಳನ್ನು ನಡೆಸಿತು. ಅದರಲ್ಲಿ ಲೋಪಗಳಿರಬಹುದು. ಆದರೆ ಹೊಣೆ ಯಾರದೆಂಬ ಪ್ರಶ್ನೆಗೆ ಅಲ್ಲೊಂದು ಉತ್ತರವಾದರೂ ಇದೆ.

ಇದರಿಂದ ಮಾಲಿನ ಬೆಲೆ ಏರುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಏರಬಹುದು, ಅಲ್ಪಸ್ವಲ್ಪ. ಇಂದೂ ಆ ಬೆಲೆಯನ್ನು ತೆರುತ್ತಿರುವವರು ಇದ್ದಾರೆ. ಅದು ಬಿಲ್ಲಿನಲ್ಲಿ ಕಾಣುತ್ತಿಲ್ಲ, ಅಷ್ಟೇ. ಮುಂದೊಮ್ಮೆ ಚಿತ್ರದುರ್ಗದ ಹೆದ್ದಾರಿಯಲ್ಲಿ ಸಾಗುವಾಗ ಗಾಳಿಯಂತ್ರದ ಬಿಳಿ ರೆಕ್ಕೆಗಳನ್ನು ಕಂಡು ಶುದ್ಧ ವಿದ್ಯುತ್ತಿನ ಬಗ್ಗೆ ಹೆಮ್ಮೆಪಡುವ ನಾವು, ಅದೇ ನಾರನ್ನು ಪೀಣ್ಯದ ಮಳೆಯಲ್ಲಿ ಹೊತ್ತು ಇಳಿಸಿದ ಆ ಎಣ್ಣೆ ಸವರಿದ ತೋಳುಗಳನ್ನೂ ನೆನೆಯಬೇಕು.