ಸನ್‌ರೂಫ್ ಇರಲಿ, ಸ್ಪ್ಯಾನರ್ ಎಲ್ಲಿಗೆ ಹಾಕುವುದು ಹೇಳಿ

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ಮದುವೆ ಚಪ್ಪರಕ್ಕೆ ಹೋದರೂ ಸರಿ, ಅಡಿಕೆಯ ಧಾರಣೆ ಮುಗಿದ ಮೇಲೆ ಗಂಡಸರ ಮಾತು ತಿರುಗುವುದು ಗಾಡಿಯ ಕಡೆಗೆ. ಅಲ್ಲಿ ಎರಡು ಪಕ್ಷ ಉಂಟು. ಒಂದು ಹೊಸತರ ಪಕ್ಷ. ಈ ತಿಂಗಳು ಯಾವ ಮಾದರಿ ಬಂತು, ಅದರ ಸ್ಕ್ರೀನು ಎಷ್ಟು ಇಂಚು, ಸನ್‌ರೂಫ್ ಉಂಟೋ ಇಲ್ಲವೋ ಎಂಬುದೆಲ್ಲ ಅವರಿಗೆ ಬಾಯಿಪಾಠ. ಇನ್ನೊಂದು ಹಳತರ ಪಕ್ಷ. "ಅಂಬಾಸಿಡರಿನಂಥ ಗಾಡಿ ಇನ್ನು ಹುಟ್ಟಲಿಕ್ಕಿಲ್ಲ ಮಾರಾಯ್ರೆ, ಆ ಕಾಲದ ತಗಡೇ ಬೇರೆ" ಎಂದು ಅವರು ನಿಟ್ಟುಸಿರು ಬಿಡುತ್ತಾರೆ. ಪಾಯಸ ಬರುವವರೆಗೂ ಚರ್ಚೆ ನಡೆಯುತ್ತದೆ.

ನಾನು ಅಡಿಕೆ ತೋಟ ಇಟ್ಟುಕೊಂಡು ಬದುಕುವವ. ಗಾಡಿಯ ಮರುಳು ನನಗೂ ಉಂಟು. ಆದರೆ ಈ ಎರಡು ಪಕ್ಷಕ್ಕೂ ನಾನು ಸೇರಲಾರೆ. ಯಾಕೆಂದರೆ ಹಳ್ಳಿಯವರು ಗಾಡಿಯ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಇಬ್ಬರೂ ಕೇಳುವುದಿಲ್ಲ. ಪ್ರಶ್ನೆ ಇಷ್ಟೇ: ಇದು ಕೆಟ್ಟು ನಿಂತರೆ ನಮ್ಮ ಪೇಟೆಯ ಮೇಸ್ತ್ರಿಗೆ ರಿಪೇರಿ ಮಾಡಲಿಕ್ಕೆ ಆಗುತ್ತದೋ? ಅವನಿಗೆ ಬೇಕಾದ ಸಾಮಾನು ಸಿಗುತ್ತದೋ? ಆಗುವುದಿಲ್ಲ, ಸಿಗುವುದಿಲ್ಲ ಎಂದಾದರೆ ಆ ಗಾಡಿ ನಿಮ್ಮ ಅಂಗಳದಲ್ಲಿ ನಿಂತಿದ್ದರೂ ಅದರ ಯಜಮಾನ ಕಂಪನಿಯೇ. ನಿಮಗೆ ಉಳಿಯುವುದು ಸಾಲದ ಕಂತು.

ಮೊದಲು ಹಳತರ ಪಕ್ಷದವರ ಜತೆ ಮಾತಾಡೋಣ. ಅಂಬಾಸಿಡರ್ ಎಂಬುದು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು. 1950ರ ದಶಕದ ಕೊನೆಗೆ ಶುರುವಾಗಿ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಯಿತು. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್ 1100ರ ಸಂತಾನ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ 2014ರಲ್ಲೇ ನಿಂತಿತು. ನಮ್ಮ ಅಡಿಕೆ ಗೋಣಿ, ಬಾಳೆಗೊನೆ, ಹಾಲಿನ ಕ್ಯಾನು, ಶಾಲೆಯ ಮಕ್ಕಳು ಎಲ್ಲವನ್ನೂ ಹೊತ್ತ ಓಮ್ನಿ 1984ರಲ್ಲಿ ಬಂದು 2019ರಲ್ಲಿ ಹೋಯಿತು.

ಇವು ಗಟ್ಟಿ ಗಾಡಿಗಳು ಎಂಬ ಮಾತನ್ನು ಇನ್ನಾದರೂ ಬಿಡಬೇಕು. ಡಿಕ್ಕಿಯಾದಾಗ ಗಾಡಿಯ ಮುಂಭಾಗ ನುಜ್ಜಾಗಿ ಪೆಟ್ಟನ್ನು ತಾನು ತಿನ್ನಬೇಕು, ಒಳಗೆ ಕೂತವರ ಜಾಗ ಮಾತ್ರ ಹಾಗೆಯೇ ಉಳಿಯಬೇಕು. ಹೊಸ ಕಾಲದ ಒಳ್ಳೆಯ ಕಾರುಗಳನ್ನು ಹಾಗೆ ಕಟ್ಟುತ್ತಾರೆ. ಹಳೆ ಗಾಡಿಯ ದಪ್ಪ ತಗಡು ಪೆಟ್ಟನ್ನು ತಾನು ತಿನ್ನದೆ ಒಳಗಿದ್ದವರಿಗೆ ದಾಟಿಸುತ್ತದೆ. ಓಮ್ನಿಯಲ್ಲಂತೂ ಮುಂದೆ ಕೂತವನ ಮೊಣಗಂಟಿಗೂ ಎದುರು ಬರುವ ಲಾರಿಗೂ ನಡುವೆ ಇರುವುದು ಒಂದು ಹಾಳೆ ತಗಡು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದಲ್ಲಿ ಮಾರುತ್ತಿದ್ದ 5 ಸಣ್ಣ ಕಾರುಗಳನ್ನು, ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನೇ ತೆಗೆದುಕೊಂಡು, ಗೋಡೆಗೆ ಗುದ್ದಿಸಿ ನೋಡಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಹಳತನ್ನು ಪೂಜೆ ಮಾಡುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಹಾಗಾದರೆ ಹಳೆ ಗಾಡಿಯಲ್ಲಿ ಒಳ್ಳೆಯದು ಎಂತದೂ ಇರಲಿಲ್ಲವೋ? ಇತ್ತು. ಒಳ್ಳೆಯದಿದ್ದದ್ದು ತಗಡಿನಲ್ಲಿ ಅಲ್ಲ, ಅದರ ವಿದ್ಯೆ ಊರಿಗೆಲ್ಲ ಹರಡಿದ್ದರಲ್ಲಿ. ಮಹೀಂದ್ರದವರು 1940ರ ದಶಕದ ಕೊನೆಗೆ ವಿಲ್ಲಿಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸಲಿಕ್ಕೆ ತೊಡಗಿದರು. ಬಸ್ಸು ಹೋಗದ ಚಡಾವಿನ ದಾರಿಗಳಲ್ಲಿ ಸರ್ವಿಸ್ ಜೀಪಾಗಿ ಓಡಿದ್ದು ಅದರ ಮಕ್ಕಳು, ಮರಿಮಕ್ಕಳು. ಆ ಜೀಪು ಎಲ್ಲಿ ನಿಂತರೂ ಯಾಕೆ ನಿಂತಿತು ಎಂದು ಹೇಳುವವರು ಹತ್ತಿರದಲ್ಲೇ ಒಬ್ಬರು ಇರುತ್ತಿದ್ದರು. ಡೀಸೆಲಿಗೆ ಗಾಳಿ ಹಿಡಿದರೆ ಡ್ರೈವರೇ ನಟ್ಟು ಸಡಿಲ ಮಾಡಿ ಗಾಳಿ ತೆಗೆಯುತ್ತಿದ್ದ. ಬ್ಯಾಟರಿ ಸತ್ತರೆ ಇಳಿಜಾರಿನಲ್ಲಿ ತಳ್ಳಿದರಾಯಿತು. ಹಿಂದಿನ ಪ್ಲೇಟ್ ಕಟ್ಟಾದರೆ ಪೇಟೆಯ ಅಂಗಡಿಯಲ್ಲಿ ಪ್ಲೇಟ್ ಸಿಗುತ್ತಿತ್ತು. ಮೇಸ್ತ್ರಿ ತುಳುವಿನಲ್ಲಿ ಬೈಯುತ್ತ, ಮಲಯಾಳದಲ್ಲಿ ಸಾಮಾನು ಚೀಟಿ ಬರೆಯುತ್ತ, ಕನ್ನಡದಲ್ಲಿ ಬಿಲ್ಲು ಹೇಳುತ್ತ ಸಂಜೆಗೆ ಗಾಡಿ ಹೊರಡಿಸುತ್ತಿದ್ದ. ಅವನ ಕೈಕೆಳಗೆ ಇಬ್ಬರು ಹುಡುಗರು ಅದೇ ವಿದ್ಯೆ ಕಲಿಯುತ್ತಿದ್ದರು.

ಇದು ಕಂಪನಿಗಳು ನಮ್ಮ ಮೇಲಿನ ಪ್ರೀತಿಯಿಂದ ಮಾಡಿದ ಉಪಕಾರವೂ ಅಲ್ಲ. ಲೈಸೆನ್ಸ್ ಕಾಲ, ಪೈಪೋಟಿ ಇಲ್ಲ, ಒಂದೇ ಅಚ್ಚನ್ನು ದಶಕಗಟ್ಟಲೆ ಮಾರಿದರು. ಜನ ಬುಕ್ ಮಾಡಿ ವರ್ಷಗಟ್ಟಲೆ ಕಾದರು. ಆದರೆ ಅಚ್ಚು ಬದಲಾಗದ್ದರಿಂದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳು ಬೆಳೆದವು, ಮೇಸ್ತ್ರಿಗಳ ಕೈ ಪಳಗಿತು. ಹಳತರ ಪಕ್ಷದವರು ಹೊಗಳಬೇಕಾದದ್ದು ಈ ಮೇಸ್ತ್ರಿಯನ್ನು. ಅವರು ಹೊಗಳುವುದು ತಗಡನ್ನು. ಹಳೆ ಜೀಪಿನ ಪಕ್ಕ ನಿಂತು ಫೋಟೋ ತೆಗೆಸುವ ಎಷ್ಟು ಜನ ತಮ್ಮ ಮಗನನ್ನು ವರ್ಕ್‌ಶಾಪಿಗೆ ಕೆಲಸ ಕಲಿಯಲಿಕ್ಕೆ ಕಳಿಸಿದ್ದಾರೆ? ನಾನು ಕಂಡದ್ದು ಕಡಿಮೆ.

ಇನ್ನು ಹೊಸತರ ಪಕ್ಷ. ಏರ್‌ಬ್ಯಾಗ್, ಎಬಿಎಸ್, ಕಡಿಮೆ ಹೊಗೆ, ಇವೆಲ್ಲ ಬೇಕು. ಅದರಲ್ಲಿ ನನ್ನ ತಕರಾರು ಇಲ್ಲ. ಆದರೆ ಶೋರೂಮಿನಲ್ಲಿ ಹೇಳದೆ ಬಿಡುವ ಸಂಗತಿಗಳೂ ಉಂಟು. ಒಂದು ಉದಾಹರಣೆ ನೋಡಿ. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂತು. ಡೀಸೆಲ್ ಕಾರುಗಳ ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಕೂತಿತು. ಅದರಲ್ಲಿ ಹಿಡಿದ ಮಸಿ ಸುಟ್ಟು ಹೋಗಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ, ಗಾಡಿ ಸ್ವಲ್ಪ ಹೊತ್ತು ನಿಲ್ಲದೆ ಓಡಬೇಕು. ಹೆದ್ದಾರಿಯಲ್ಲಿ ಓಡಿಸುವವರಿಗೆ ಅದು ಗೊತ್ತಾಗದ ಹಾಗೆ ತಾನಾಗಿ ಆಗಿಬಿಡುತ್ತದೆ. ನಮ್ಮ ಓಡಾಟ ಹಾಗಲ್ಲ. ಮನೆಯಿಂದ ಸೊಸೈಟಿಗೆ, ಸೊಸೈಟಿಯಿಂದ ಶಾಲೆಗೆ, 2 ಕಿಲೋಮೀಟರ್, 3 ಕಿಲೋಮೀಟರ್, ಅದೂ ಫಸ್ಟ್ ಗೇರಿನಲ್ಲಿ ಏರು ಹತ್ತಿ. ಮಸಿ ಕಟ್ಟಿಕೊಳ್ಳುತ್ತದೆ, ಎದುರಿಗೆ ದೀಪ ಹತ್ತುತ್ತದೆ, ಕಡೆಗೆ ಗಾಡಿ ಎಳೆಯುವುದಿಲ್ಲ. ಫಿಲ್ಟರ್ ಬೇಡ ಎಂದು ನಾನು ಹೇಳುವುದಿಲ್ಲ. ಹೊಗೆ ಕುಡಿಯುವುದು ನಮ್ಮ ಮಕ್ಕಳೇ ಅಲ್ಲವೋ? ಆದರೆ ದಿನಕ್ಕೆ 5 ಕಿಲೋಮೀಟರ್ ಓಡಿಸುವವನಿಗೆ ಡೀಸೆಲ್ ಗಾಡಿ ಮಾರುವಾಗ ಈ ಒಂದು ಮಾತು ಹೇಳಬೇಡವೋ?

ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಕಂಪನಿಯ ಹೆಸರು ಬೇಡ, ಎಲ್ಲ ಕಡೆ ಇದೇ ಕತೆ. ಮಳೆಗಾಲದಲ್ಲಿ ಇಲಿ ಬಾನೆಟ್ಟಿನೊಳಗೆ ಹೊಕ್ಕು ಒಂದು ವಯರು ಕಡಿಯಿತು. ತೋಟದ ನಡುವಿನ ಮನೆಗಳಲ್ಲಿ ಇದು ಹೊಸ ಸಂಗತಿ ಅಲ್ಲ. ನಮ್ಮ ಪೇಟೆಯ ಮೇಸ್ತ್ರಿ ಅರ್ಧ ಗಂಟೆಯಲ್ಲಿ ತುಂಡಾದ ಜಾಗ ಹುಡುಕಿ ಚೆಂದ ಮಾಡಿ ಜೋಡಿಸಿಕೊಟ್ಟ. ಆದರೆ ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಅಳಿಯಲಿಲ್ಲ. ಎಷ್ಟು ಒತ್ತಿದರೂ ವೇಗ ಏರುವುದಿಲ್ಲ. ಅದನ್ನು ಅಳಿಸುವ ಯಂತ್ರ ಇದ್ದದ್ದು ಕಂಪನಿಯವರ ಹತ್ತಿರ ಮಾತ್ರ. ಗಾಡಿಯನ್ನು ಲಾರಿಗೆ ಹೇರಿ ಪಟ್ಟಣಕ್ಕೆ ಸಾಗಿಸಿದೆವು. ಅಲ್ಲಿ "ಜೋಡಿಸಿದ ವಯರು ಆಗಲಿಕ್ಕಿಲ್ಲ, ಪೂರ್ತಿ ವಯರಿಂಗ್ ಹೊಸತು ಹಾಕಬೇಕು, ಆರ್ಡರ್ ಕೊಟ್ಟು ತರಿಸಬೇಕು" ಎಂದರು. 18 ದಿನ ಹೋಯಿತು. ಆ 18 ದಿನ ಮನೆಯ ಹಿರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನೆರೆಮನೆಯವರ ಹಳೆ ಓಮ್ನಿಯಲ್ಲಿ. ಮೇಸ್ತ್ರಿಗೆ ವಿದ್ಯೆ ಇತ್ತು. ಬೀಗದ ಕೈ ಅವನಲ್ಲಿರಲಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಇನ್ನೂ ಗಟ್ಟಿಯಾಗಿ ಕೇಳಬೇಕು. ನಾವು ಗಡಿಯವರು. ಆಸ್ಪತ್ರೆಗೆ, ಕಾಲೇಜಿಗೆ ಹೋಗುವ ಹಾಗೆ ಹಳೆ ಗಾಡಿ ನೋಡಲಿಕ್ಕೂ ಮಂಗಳೂರು, ಪುತ್ತೂರಿಗೆ ಹೋಗುತ್ತೇವೆ. ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟನೇ ಕೈ, ಎಲ್ಲಿಯಾದರೂ ಗುದ್ದಿದೆಯೋ ಎಂದು ಕೇಳುತ್ತೇವೆ. ಕೆಎ 19, ಕೆಎ 21ರ ಗಾಡಿ ತಂದು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಅಲ್ಲಿಂದ ಆಕ್ಷೇಪಣೆ ಇಲ್ಲ ಎಂಬ ಪತ್ರ ತಂದು, ಕೇರಳದ ತೆರಿಗೆ ಕಟ್ಟಿ, ಕೆಎಲ್ 14 ನಂಬರು ಮಾಡಿಸಬೇಕು. ಇದೆಲ್ಲ ನಮಗೆ ಗೊತ್ತುಂಟು. ಆದರೆ ಈ ಮಾದರಿ ಈಗಲೂ ತಯಾರಾಗುತ್ತಿದೆಯೋ, ಸಾಮಾನು ಎಲ್ಲಿ ಸಿಗುತ್ತದೆ ಎಂದು ಕೇಳುವವರು ಎಷ್ಟು ಜನ? ಷೆವ್ರೊಲೆ ಕಾರುಗಳ ಮಾರಾಟ ಈ ದೇಶದಲ್ಲಿ 2017ರ ಕೊನೆಗೆ ನಿಂತಿತು. ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುತ್ತೇವೆ ಎಂದು ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಹೇಳಿತು. ಕಂಪನಿ ಹೊರಟುಹೋಗಬಹುದು, ನಮ್ಮ ಅಂಗಳದ ಗಾಡಿ ಎಲ್ಲಿಗೆ ಹೋಗುವುದು? ಗಾಡಿ ಗಡಿ ದಾಟಿದರೆ ನಂಬರು ಬದಲಿಸಲಿಕ್ಕೆ ಸರಕಾರ ದಿನ ಎಣಿಸುತ್ತದೆ. ಮಾದರಿ ನಿಂತುಹೋದ ಮೇಲೆ ಎಷ್ಟು ವರ್ಷ ಬಿಡಿಭಾಗ ಕೊಡುತ್ತೀರಿ ಎಂದು ಕಂಪನಿಯ ಹತ್ತಿರವೂ ಅಷ್ಟೇ ಬಿಗಿಯಾಗಿ ಲೆಕ್ಕ ಕೇಳಬೇಕು.

"ಈಗಿನ ಗಾಡಿ ಕಂಪ್ಯೂಟರ್ ಇದ್ದ ಹಾಗೆ, ಊರಿನ ಮೇಸ್ತ್ರಿಗಳಿಂದ ಆಗುವ ಕೆಲಸ ಅಲ್ಲ" ಎಂದು ಕೆಲವರು ಹೇಳುತ್ತಾರೆ. ಇದು ಸೋಮಾರಿ ಮಾತು. ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ ನೋಡಿ. ಇಪ್ಪತ್ತರ ಹುಡುಗ ಭೂತಗನ್ನಡಿಯ ಕೆಳಗೆ ಕೂದಲಿನಷ್ಟು ಸಪುರದ ವಯರು ಬೆಸುಗೆ ಹಾಕುತ್ತಾನೆ. ಹತ್ತಿರ ಹತ್ತಿರ ಎಲ್ಲ ಹೊಸ ಕಾರುಗಳಲ್ಲೂ ಸ್ಟಿಯರಿಂಗಿನ ಕೆಳಗೆ ಒಂದು ಸಾಕೆಟ್ ಉಂಟು. ಸಾಧಾರಣ ಸ್ಕ್ಯಾನರ್ ಸಿಕ್ಕಿಸಿದರೆ ಕೆಲವು ದೋಷದ ನಂಬರುಗಳನ್ನು ಯಾರೂ ಓದಬಹುದು. ಆದರೆ ಅದಕ್ಕಿಂತ ಒಳಗಿನ ಕೆಲಸಕ್ಕೆ, ಹೊಸ ಕೀಲಿಯನ್ನೋ ಬಿಡಿಭಾಗವನ್ನೋ ಗಾಡಿಗೆ ಪರಿಚಯ ಮಾಡಿಸಲಿಕ್ಕೆ, ಕಂಪನಿಯ ಸಾಫ್ಟ್‌ವೇರೇ ಬೇಕಾಗುತ್ತದೆ.

ಇದು ನನ್ನ ಒಬ್ಬನ ಗೊಣಗಾಟ ಅಲ್ಲ. ಬಿಡಿಭಾಗ, ತಾಂತ್ರಿಕ ಮಾಹಿತಿ, ಪರೀಕ್ಷಾ ಯಂತ್ರ ಇವನ್ನು ಹೊರಗಿನ ವರ್ಕ್‌ಶಾಪುಗಳಿಗೆ ಸಿಗದ ಹಾಗೆ ತಡೆದಿದ್ದಾರೆ ಎಂದು ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಅದರ ಮೇಲೆ ಮೇಲ್ಮನವಿಗೆ ಹೋದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ಮತ ಹಾಕಿ ಕಾರು ರಿಪೇರಿಯ ಹಕ್ಕನ್ನು ಕಾನೂನು ಮಾಡಿಸಿಕೊಂಡರು. ನಮ್ಮ ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿನ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಪೋರ್ಟಲ್ ಒಳ್ಳೆಯದೇ. ಆದರೆ ಕಂಪನಿ ಕೊಟ್ಟಷ್ಟನ್ನು ಮಾತ್ರ ತೋರಿಸುವ ಜಾಗ ಹಕ್ಕು ಆಗುವುದಿಲ್ಲ. ಹಕ್ಕು ಆಗಬೇಕಾದರೆ ಕೊಡದವನನ್ನು ಕೇಳುವ ಕಾನೂನು ಬೇಕು.

ಅಲ್ಲಿಯವರೆಗೆ ನಾವು ಸುಮ್ಮನೆ ಕೂರಬೇಕಾಗಿಲ್ಲ. ಗಾಡಿ ಕೊಳ್ಳಲಿಕ್ಕೆ ಹೋಗುವವರು ಬಣ್ಣ ನೋಡುವ ಮೊದಲು ಬಿಡಿಭಾಗದ ಮಾತು ಕೇಳಲಿ, ಉತ್ತರವನ್ನು ಬರೆದುಕೊಡಿ ಎನ್ನಲಿ. ಬರೆದುಕೊಡದಿದ್ದರೆ ಅದೂ ಒಂದು ಉತ್ತರವೇ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬ್ರೋಕರನ ಮಾತಿಗಿಂತ ಮೊದಲು ನಮ್ಮ ಮೇಸ್ತ್ರಿಯ ಮಾತು ಕೇಳಲಿ, ಅವನನ್ನು ಕರೆದುಕೊಂಡು ಹೋದ ದಿನದ ಸಂಬಳ ಅವನಿಗೆ ಕೊಡಲಿ.

ನಮ್ಮ ವಾಚನಾಲಯಕ್ಕೂ ಒಂದು ಕೆಲಸ ಉಂಟು. ಕತೆ, ಕಾದಂಬರಿಗಳ ಪಕ್ಕದಲ್ಲಿ ಒಂದು ಶೆಲ್ಫಿನಲ್ಲಿ ರಿಪೇರಿಯ ಪುಸ್ತಕಗಳು ಇರಲಿ. ಗಾಡಿಯ ಜತೆ ಬರುವ ಕೈಪಿಡಿ ನಮಗೆ ಸಿಗುವುದು ಇಂಗ್ಲಿಷಿನಲ್ಲಿ. ಯಾವ ದೀಪ ಹತ್ತಿದರೆ ನಿಲ್ಲಿಸಬೇಕು, ಯಾವುದು ಹತ್ತಿದರೆ ಓಡಿಸಬಹುದು ಎಂಬುದನ್ನಾದರೂ ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚೋಣ. ತಿಂಗಳಿಗೊಮ್ಮೆ ಕವಿಗೋಷ್ಠಿ ಮಾಡುವ ನಾವು ವರ್ಷಕ್ಕೊಮ್ಮೆ ಒಬ್ಬ ಮೇಸ್ತ್ರಿಯನ್ನು ವೇದಿಕೆಗೆ ಕರೆದು ಮಾತಾಡಿಸಿದರೆ ಕನ್ನಡಕ್ಕೆ ನಷ್ಟವಿಲ್ಲ, ನಾಲ್ಕು ಹೊಸ ಶಬ್ದ ಲಾಭ.

ಮಾಷ್ಟ್ರುಗಳಿಗೆ ಒಂದು ವಿನಂತಿ. ನಿಮ್ಮ ಹತ್ತನೇ ಕ್ಲಾಸಿನ ಹುಡುಗರಿಗೆ ಎಲ್ಲ ಕಾರುಗಳ ಹೆಸರು ಗೊತ್ತುಂಟು, ಟಾಪ್ ಸ್ಪೀಡ್ ಗೊತ್ತುಂಟು. ಅದು ಏಳು ಏಳೂವರೆ ಲಕ್ಷದ ಗಾಡಿಯನ್ನು ಕೊಳ್ಳಲಿಕ್ಕೆ ಬೇಕಾದ ತಿಳುವಳಿಕೆ. ಬ್ರೇಕ್ ಹಾಕಿದಾಗ ಚಕ್ರ ಯಾಕೆ ನಿಲ್ಲುತ್ತದೆ ಎಂದು ಅವರನ್ನು ಕೇಳಿ. ಪುಸ್ತಕದಲ್ಲಿ ಓದಿದ ದ್ರವದ ಒತ್ತಡದ ಪಾಠ ಅಲ್ಲಿ ಅವರ ಕಾಲಿನ ಕೆಳಗೇ ಉಂಟು. ಅದನ್ನು ತೋರಿಸಲಿಕ್ಕೆ ಅರ್ಧ ದಿನ ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿ. "ಓದದಿದ್ದರೆ ಗ್ಯಾರೇಜಿಗೆ ಹಾಕುತ್ತೇನೆ" ಎಂದು ಹೆದರಿಸುವುದನ್ನು ಇನ್ನು ಬಿಡಿ. ಗ್ಯಾರೇಜಿಗೆ ಇನ್ನು ಮುಂದೆ ಓದಿದವರೇ ಬೇಕು.

ಮುಂದಿನ ಮದುವೆಯ ಊಟದಲ್ಲಿ ಯಾರಾದರೂ "ಸನ್‌ರೂಫ್ ಉಂಟು ಭಾವಾ" ಎಂದು ಶುರುಮಾಡಿದರೆ ನೀವು ಜಗಳ ಮಾಡಬೇಡಿ. ಇದರ ಸಾಮಾನು ಎಲ್ಲಿ ಸಿಗುತ್ತದೆ, ಬಿಚ್ಚುವವ ಯಾರು ಎಂದು ಕೇಳಿ. ಉತ್ತರ ಬರುವವರೆಗೆ ನಿಮ್ಮ ಪಾಯಸ ನೀವು ಉಣ್ಣಿ.