ಜಾಹೀರಾತು ಚೆನ್ನಾಗಿತ್ತು, ಮಾರಿದ್ದೇನು?

2021ರ ಏಪ್ರಿಲ್‌ನಲ್ಲಿ ರಾಹುಲ್ ದ್ರಾವಿಡ್ ಟ್ರಾಫಿಕ್ ಜಾಮಿನ ನಡುವೆ ಕಾರಿನಿಂದ ಎದ್ದು ನಿಂತು, ಬ್ಯಾಟು ಝಳಪಿಸಿ, ತಾನು ಇಂದಿರಾನಗರದ ಗೂಂಡಾ ಎಂದು ಅಬ್ಬರಿಸಿದ್ದು ಕನ್ನಡಿಗರಲ್ಲಿ ಯಾರಿಗೆ ಮರೆತಿದೆ? ಬೆಂಗಳೂರಿಗೆ ಬೆಂಗಳೂರೇ ಅದನ್ನು ತನ್ನ ಮನೆಯ ಹುಡುಗನ ಸಾಹಸ ಎಂಬಂತೆ ಮೆರೆಸಿತು. ಆದರೆ ಆ ಜಾಹೀರಾತು ಕೊಟ್ಟ 'ಕ್ರೆಡ್' ಏನು ಮಾಡುವ ಕಂಪನಿ ಎಂದು ಅಂದು ನಕ್ಕವರನ್ನು ಕೇಳಿ ನೋಡಿ. ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವ ಆ್ಯಪ್ ಅದು. ಸಾಲದ ಲೆಕ್ಕದಲ್ಲಿ ಒಳ್ಳೆಯ ಅಂಕ ಇದ್ದವರಿಗೆ ಮಾತ್ರ ಪ್ರವೇಶ. ಜಾಹೀರಾತು ನೋಡಿ ನಲಿದ ಬಹುಪಾಲು ಜನರಿಗೆ ಅದರ ಬಾಗಿಲೇ ತೆರೆಯದು.

ಅದರಿಂದ ಯಾರಿಗೂ ಕೇಡಾಗಲಿಲ್ಲ, ನಿಜ. ನನ್ನ ತಕರಾರು ಆ ಒಂದು ಜಾಹೀರಾತಿನ ಮೇಲಲ್ಲ, ನಾವು ಜಾಹೀರಾತುಗಳಿಗೆ ಅಂಕ ಕೊಡುವ ರೀತಿಯ ಮೇಲೆ. ಪ್ರತಿ ಐಪಿಎಲ್ ಹಂಗಾಮಿನಲ್ಲೂ ಪತ್ರಿಕೆಗಳಲ್ಲಿ, ಜಾಹೀರಾತು ಲೋಕದ ಪ್ರಶಸ್ತಿಗಳಲ್ಲಿ, ಆಫೀಸಿನ ಚಹಾದ ಹೊತ್ತಿನಲ್ಲಿ ಈ ಸಲ ಯಾವುದು ಸೂಪರ್ ಎಂಬ ಪಂಚಾಯಿತಿ ನಡೆಯುತ್ತದೆ. ನಗು ಬಂತೇ, ರಾಗ ಬಾಯಿಗಂಟಿತೇ, ತಾರೆ ತನ್ನನ್ನೇ ಗೇಲಿ ಮಾಡಿಕೊಂಡನೇ ಎಂದೆಲ್ಲ ವಿಚಾರಣೆಯಾಗುತ್ತದೆ. ಪೊಟ್ಟಣದೊಳಗೆ ಏನಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಈ ಚಟ ಅಮೆರಿಕದಲ್ಲಿ ಹಳೆಯದು. ಅಲ್ಲಿನ ಸೂಪರ್ ಬೌಲ್ ಪಂದ್ಯದ ಜಾಹೀರಾತುಗಳಿಗೆ 'ಯುಎಸ್‌ಎ ಟುಡೇ' ಪತ್ರಿಕೆ 1989ರಿಂದಲೂ ವೀಕ್ಷಕರಿಂದ ಅಂಕ ಹಾಕಿಸುತ್ತಿದೆ. 2022ರಲ್ಲಿ ಆ ಪಂದ್ಯದ ವಿರಾಮಗಳಲ್ಲಿ ಕ್ರಿಪ್ಟೊ ಕಂಪನಿಗಳದ್ದೇ ಸದ್ದು. ಎಫ್‌ಟಿಎಕ್ಸ್ ಎಂಬ ಕಂಪನಿಯ ಜಾಹೀರಾತಿನಲ್ಲಿ ಹಾಸ್ಯನಟ ಲ್ಯಾರಿ ಡೇವಿಡ್ ಚಕ್ರವನ್ನು ಕಂಡರೂ ಬೇಡ, ಬಲ್ಬು ಕಂಡರೂ ಬೇಡ ಎನ್ನುತ್ತ ಇತಿಹಾಸದುದ್ದಕ್ಕೂ ಮೂಗು ಮುರಿದು, ಕೊನೆಗೆ ಎಫ್‌ಟಿಎಕ್ಸನ್ನೂ ನಂಬದೆ ಹೋಗುತ್ತಾನೆ. ಇವನ ಹಾಗೆ ದಡ್ಡರಾಗಬೇಡಿ ಎನ್ನುವುದು ಸಂದೇಶ. ಜನ ಬಿದ್ದು ಬಿದ್ದು ನಕ್ಕರು. ಅದೇ ನವೆಂಬರ್‌ನಲ್ಲಿ ಕಂಪನಿ ದಿವಾಳಿ. ಅದರ ಸ್ಥಾಪಕನಿಗೆ 2024ರಲ್ಲಿ ವಂಚನೆಗಾಗಿ 25 ವರ್ಷ ಜೈಲು. ಆ ಇಡೀ ಜಾಹೀರಾತಿನಲ್ಲಿ ಬುದ್ಧಿವಂತ ಇದ್ದದ್ದು ಮೂಗು ಮುರಿದ ಲ್ಯಾರಿ ಡೇವಿಡ್ ಒಬ್ಬನೇ.

ನಮ್ಮಲ್ಲಿಗೆ ಬನ್ನಿ. 2025ರ ಐಪಿಎಲ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟದ ಕಂಪನಿ ಡ್ರೀಮ್11 ಆಮೀರ್ ಖಾನ್, ರಣಬೀರ್ ಕಪೂರ್ ಅವರನ್ನು ಎದುರುಬದುರು ನಿಲ್ಲಿಸಿ, ರೋಹಿತ್ ಶರ್ಮಾ, ಹಾರ್ದಿಕ್ ಪಾಂಡ್ಯರಂಥ ಆಟಗಾರರನ್ನು ಎರಡು ಬಣ ಮಾಡಿ ಕಚ್ಚಾಡಿಸಿತು. ಬರವಣಿಗೆ ಚುರುಕಾಗಿತ್ತು, ನಟನೆಯೂ ಚೆನ್ನಾಗಿತ್ತು, ಹೊಗಳಿಕೆ ಧಾರಾಳವಾಗಿ ಬಂತು. ಕೊನೆಯಲ್ಲಿ, ಇದರಲ್ಲಿ ಹಣದ ಅಪಾಯವಿದೆ, ಚಟವಾಗಬಹುದು ಎಂಬ ಸಾಲು. ಹಣವಿಟ್ಟು ಆಡುವ ಆಟಗಳ ಜಾಹೀರಾತು ಅಚ್ಚಾದರೆ ಆ ಎಚ್ಚರಿಕೆಗೆ ಐದನೇ ಒಂದು ಭಾಗ ಜಾಗ ಕೊಡಬೇಕು, ಟಿವಿಯಲ್ಲಾದರೆ ಅದನ್ನು ಮಾಮೂಲಿ ಮಾತಿನ ವೇಗದಲ್ಲಿ ಓದಬೇಕು ಎಂದು ಜಾಹೀರಾತುದಾರರದೇ ಸ್ವಯಂ ನಿಯಂತ್ರಣ ಸಂಸ್ಥೆ 'ಆಸ್ಕಿ' 2020ರ ಡಿಸೆಂಬರ್‌ನಿಂದಲೇ ನಿಯಮ ಮಾಡಿತ್ತು. ಇಂಥ ಜಾಹೀರಾತುಗಳಲ್ಲಿ ಆ ಸಾಲು ಎಷ್ಟು ಹೊತ್ತಿನಲ್ಲಿ ಮುಗಿಯುತ್ತಿತ್ತು ಎಂಬುದನ್ನು ಟಿವಿ ನೋಡಿದವರಿಗೆ ನಾನು ಹೇಳಬೇಕಿಲ್ಲ. ಆ ವೇಗಕ್ಕೆ ಯಾವ ತೀರ್ಪುಗಾರರಾದರೂ ಅಂಕ ಕಡಿದರೇ?

ಹಂಗಾಮು ಮುಗಿದು ಮೂರು ತಿಂಗಳಾಗುವುದರೊಳಗೆ, ಆಗಸ್ಟ್ 20 ಮತ್ತು 21ರಂದು, ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತಿನ ಎರಡೂ ಸದನಗಳು ಒಪ್ಪಿಗೆ ಕೊಟ್ಟವು. ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಇದು ಕೌಶಲದ ಆಟ, ಜೂಜಲ್ಲ ಎಂಬುದು ಕಂಪನಿಗಳ ಹಳೆಯ ವಾದ. ಕರ್ನಾಟಕ ಸರ್ಕಾರ 2021ರಲ್ಲಿ ತಂದ ಇಂಥದ್ದೇ ನಿಷೇಧ 2022ರ ಫೆಬ್ರುವರಿಯಲ್ಲಿ ನಮ್ಮ ಹೈಕೋರ್ಟಿನಲ್ಲಿ ಬಿದ್ದುಹೋದದ್ದೂ ಹೌದು. ಕೌಶಲವೋ ಅದೃಷ್ಟವೋ ಎಂಬುದನ್ನು ನ್ಯಾಯಾಲಯಗಳು ನೋಡಿಕೊಳ್ಳಲಿ. ಸೋತವರು ಎಷ್ಟು ಸೋಲುತ್ತಾರೆ ಎಂಬ ಮಾತು ಬರದಂತೆ ನೋಡಿಕೊಂಡ ಜಾಹೀರಾತನ್ನು ಉತ್ತಮ ಎನ್ನಲು ಮಾತ್ರ ನನ್ನಿಂದಾಗದು.

ಏಲಕ್ಕಿಯ ಕಥೆ ಇನ್ನೂ ಮಜವಾಗಿದೆ. ಸಕಲೇಶಪುರ, ಕೊಡಗಿನ ಕಡೆ ಏಲಕ್ಕಿ ಬೆಳೆದವರು, ಅದರ ಮಾಲೆ ಕಟ್ಟುವ ಹಾವೇರಿಯವರು ತಮ್ಮ ಕಾಯಿಗೆ ಮುಂಬೈಯ ದೊಡ್ಡ ದೊಡ್ಡ ತಾರೆಯರು ಪ್ರಚಾರಕ್ಕೆ ನಿಂತದ್ದನ್ನು ಕಂಡು ಹಿಗ್ಗಬೇಕಿತ್ತು. ಯಾರೂ ಹಿಗ್ಗಲಿಲ್ಲ, ಏಕೆಂದರೆ ಅದು ಏಲಕ್ಕಿಯ ಪ್ರಚಾರವಲ್ಲ ಎಂದು ಎಲ್ಲರಿಗೂ ಗೊತ್ತು. ತಂಬಾಕಿನ ಜಾಹೀರಾತಿಗೆ 2003ರ ಕಾಯ್ದೆಯ ತಡೆಯಿದೆ. ತಂಬಾಕು, ಮದ್ಯಗಳ ಪರೋಕ್ಷ ಪ್ರಚಾರವೂ ಕೂಡದು ಎಂದು ಕೇಬಲ್ ಟಿವಿ ನಿಯಮ ಹೇಳುತ್ತದೆ. ಆದ್ದರಿಂದ ಪೊಟ್ಟಣಕ್ಕೆ ಪಾನ್ ಮಸಾಲೆ, ತಂಬಾಕಿನದೇ ಹೆಸರು, ಅದೇ ಬಣ್ಣ, ಒಳಗೆ ಏಲಕ್ಕಿ. 2025ರ ಮಾರ್ಚ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಐಪಿಎಲ್ ಅಧ್ಯಕ್ಷರಿಗೆ ಪತ್ರ ಬರೆದು, ಮುಸುಕು ಹಾಕಿದ ಪ್ರಚಾರವೂ ಸೇರಿದಂತೆ ತಂಬಾಕು, ಮದ್ಯಗಳ ಯಾವ ಜಾಹೀರಾತೂ ಬೇಡ ಎಂದರು. ಏಲಕ್ಕಿ ಮಾತ್ರ ಪರದೆಯಿಂದ ಇಳಿಯಲಿಲ್ಲ. ಪಾನ್ ಮಸಾಲೆ ನಿಂತರೆ ಶಿವಮೊಗ್ಗದ ಅಡಿಕೆಯ ಗತಿಯೇನು ಎಂಬ ಪ್ರಶ್ನೆ ಇದೆ. ಅದು ಪ್ರಾಮಾಣಿಕ ಪ್ರಶ್ನೆ. ಅದಕ್ಕೆ ಉತ್ತರ ಕ್ರಿಕೆಟ್ ತಾರೆಯರ ಬಾಯಿಂದ ಬರಬೇಕಿಲ್ಲ.

ಇಂಥ ಜಾಹೀರಾತುಗಳ ಮೇಕಿಂಗ್ ಇಷ್ಟು ಸೊಗಸಾಗಿರುವುದು ಆಕಸ್ಮಿಕವೇನಲ್ಲ. ಸೋಪು ಮಾರುವವನಿಗೆ ನೊರೆ ತೋರಿಸಿದರೆ ಸಾಕು. ತನ್ನ ಸರಕನ್ನು ತೋರಿಸಲಾಗದವನಿಗೆ ಕಥೆ ಬೇಕು, ತಾರೆ ಬೇಕು, ಹಾಸ್ಯ ಬೇಕು, ನಮ್ಮ ಊರಿನ ಒಳ್ಳೆಯ ನಿರ್ದೇಶಕರೂ ಬೇಕು. ಪ್ರತಿಭೆ ಸುಣ್ಣದ ಹಾಗೆ ಗೋಡೆಯ ಬಿರುಕು ಮುಚ್ಚುವ ಕೆಲಸಕ್ಕೆ ಹೋಗಿದೆ. ನಾವು ಸುಣ್ಣದ ಬಿಳುಪಿಗೆ ಬಹುಮಾನ ಕೊಡುತ್ತಿದ್ದೇವೆ.

ಕಸುಬಿನ ಮೇಲೆ ನನಗೆ ದ್ವೇಷವಿಲ್ಲ. 2009ರಲ್ಲಿ ಚುನಾವಣೆಯಿಂದಾಗಿ ಐಪಿಎಲ್ ದಕ್ಷಿಣ ಆಫ್ರಿಕಕ್ಕೆ ಹೋದಾಗ ವೊಡಾಫೋನಿನ ಝೂಝೂಗಳು ಬಂದವಲ್ಲ, ಅವು ಇವತ್ತಿಗೂ ನನಗೆ ಇಷ್ಟ. ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನ ಪ್ರಕಾಶ್ ವರ್ಮಾ ಅವನ್ನು ಕೇಪ್‌ಟೌನ್‌ನಲ್ಲಿ ಚಿತ್ರೀಕರಿಸಿದರು. ಅನಿಮೇಷನ್ ಎಂದು ನಾವು ನಂಬಿದ ಆ ಬಿಳಿ ಗೊಂಬೆಗಳೊಳಗೆ ವೇಷ ತೊಟ್ಟ ಮನುಷ್ಯರಿದ್ದರು. ಅದ್ಭುತ ಕೆಲಸ. ಆದರೆ ಆ ಗೊಂಬೆಗಳು ಮಾರುತ್ತಿದ್ದಂಥ ಮೊಬೈಲಿನ ಹೆಚ್ಚುವರಿ ಸೇವೆಗಳ ವಿಷಯದಲ್ಲೇ, ಕೇಳದಿದ್ದರೂ ಶುರುವಾಗಿ ಕರೆನ್ಸಿ ಕಟ್ ಆಗುತ್ತದೆ ಎಂಬ ದೂರು ಹಲವು ಕಂಪನಿಗಳ ಮೇಲೆ ಬಂತು. ಕಡೆಗೆ ಗ್ರಾಹಕರಿಂದ ಎರಡು ಬಾರಿ ಒಪ್ಪಿಗೆ ಪಡೆಯಿರಿ ಎಂದು 2013ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 'ಟ್ರಾಯ್' ಹೇಳಬೇಕಾಯಿತು. ಈ ಎರಡನೆಯ ಸಂಗತಿಯೂ ಅಂಕಪಟ್ಟಿಯಲ್ಲಿ ಇರಲಿ ಎನ್ನುತ್ತೇನೆ.

ಇನ್ನು 'ಈ ಸಲ ಕಪ್ ನಮ್ದೇ' ಎಂದು ಗಂಟಲು ಹರಿದುಕೊಂಡ ನಮ್ಮ ಮಾತು. 2008ರಲ್ಲಿ ವಿಜಯ್ ಮಲ್ಯ ಬೆಂಗಳೂರು ತಂಡ ಕೊಂಡು, ತಮ್ಮದೇ ವಿಸ್ಕಿಯ ಹೆಸರನ್ನು ಅದಕ್ಕಿಟ್ಟರು. ಇದಕ್ಕಿಂತ ಯಶಸ್ವಿಯಾದ ಜಾಹೀರಾತನ್ನು ಐಪಿಎಲ್ ಕಂಡಿಲ್ಲ. ಅದನ್ನು ನಾವು ಪುಕ್ಕಟೆಯಾಗಿ, ಮಕ್ಕಳ ಬಾಯಲ್ಲೂ ಹಾಡಿಸುತ್ತಿದ್ದೇವೆ. ಬೈದುಕೊಳ್ಳುವವರು ಬೈದುಕೊಳ್ಳಿ.

ಜಾಹೀರಾತಿನ ಹಣವಿಲ್ಲದೆ ಕ್ರಿಕೆಟ್ ನಡೆಯದು ಎನ್ನುವವರಿದ್ದಾರೆ. 2023ರಿಂದ ಐದು ವರ್ಷಗಳ ಪ್ರಸಾರ ಹಕ್ಕಿಗೆ 48,390 ಕೋಟಿ ರೂಪಾಯಿ ತೆತ್ತವರು ಹಣ ಕೊಡುವ ಯಾರನ್ನೂ ಬಾಗಿಲಿಂದ ವಾಪಸು ಕಳಿಸಲಾರರು ಎಂಬುದು ಅವರ ಲೆಕ್ಕ. ಇನಿಂಗ್ಸಿಗೆ ಎರಡು ಬಾರಿ ಎರಡೂವರೆ ನಿಮಿಷದ 'ಸ್ಟ್ರಾಟೆಜಿಕ್ ಟೈಮ್‌ಔಟ್' ಇರುವುದು ಆಟಗಾರರ ತಂತ್ರಕ್ಕೋ ಪ್ರಸಾರಕರ ತಂತ್ರಕ್ಕೋ ಎಂಬುದನ್ನು ನೀವೇ ಊಹಿಸಿ. ಇಂಥ ಜಾಹೀರಾತಿಲ್ಲದೆ ಕ್ರಿಕೆಟ್ ನಡೆಯದು ಎಂಬ ವಾದಕ್ಕೆ ಉತ್ತರ 2025ರ ಸೆಪ್ಟೆಂಬರ್‌ನಲ್ಲೇ ಸಿಕ್ಕಿತು. ಕಾಯ್ದೆ ಬಂದ ಮೇಲೆ ಭಾರತ ತಂಡದ ಅಂಗಿಯಿಂದ ಡ್ರೀಮ್11 ಹೋಯಿತು. ಏಷ್ಯಾ ಕಪ್‌ನಲ್ಲಿ ತಂಡ ಪ್ರಾಯೋಜಕರ ಹೆಸರಿಲ್ಲದ ಅಂಗಿ ತೊಟ್ಟು ಆಡಿತು, ಗೆದ್ದೂ ಬಂತು. ಡ್ರೀಮ್11 ಮೂರು ವರ್ಷಕ್ಕೆ 358 ಕೋಟಿಗೆ ಒಪ್ಪಿದ್ದ ಜಾಗಕ್ಕೆ ಟಯರ್ ಮಾರುವ ಅಪೊಲೊ ಕಂಪನಿ ಸುಮಾರು ಎರಡೂವರೆ ವರ್ಷಕ್ಕೆ 579 ಕೋಟಿ ಕೊಟ್ಟು ಬಂತು.

ಹಾಗಾಗಿ ಮುಂದಿನ ಹಂಗಾಮಿನಲ್ಲಿ ಪಟ್ಟಿ ಮಾಡುವ ಪತ್ರಿಕೆಗಳಿಗೂ ಪ್ರಶಸ್ತಿ ಮಂಡಳಿಗಳಿಗೂ ನನ್ನದೊಂದು ಬೇಡಿಕೆ. ಮುಸುಕಿನ ಸರಕಿಗೆ ಸ್ಪರ್ಧೆಯಲ್ಲಿ ಪ್ರವೇಶವೇ ಬೇಡ. ಎಚ್ಚರಿಕೆಯ ಸಾಲನ್ನು ಓಡಿಸಿದವರ ಅಂಕ ಅರ್ಧಕ್ಕಿಳಿಯಲಿ. ನಿರ್ದೇಶಕರ ಹೆಸರಿನ ಪಕ್ಕದಲ್ಲಿ ಆ ಜಾಹೀರಾತು ಮಾರುತ್ತಿದ್ದ ವಸ್ತು ಯಾವುದೆಂದು ದಪ್ಪ ಅಕ್ಷರದಲ್ಲಿ ಅಚ್ಚಾಗಲಿ.